ಹಿರಿಯರಿಗೆ ವಾಂತಿ-ಭೇದಿಯೇ? ಬಾಯಾರಿಕೆಯನ್ನು ನಂಬಬೇಡಿ, ಅಳೆದು ಕುಡಿಸಿ

ವಾಂತಿ-ಭೇದಿ ಶುರುವಾದರೆ ಎಲ್ಲರ ಮಾತೂ ಹಿಂದಿನ ದಿನದ ಊಟದತ್ತ ತಿರುಗುತ್ತದೆ. ಆದರೆ ಹಲವು ಸಲ ಕಾರಣ ವೈರಸ್. ನೊರೊವೈರಸ್ ಹೆಸರು ಕೆಲವರಿಗಾದರೂ ಗೊತ್ತು. ಸ್ಯಾಪೊವೈರಸ್, ಆಸ್ಟ್ರೋವೈರಸ್‌ಗಳ ಹೆಸರು ಕೇಳಿದವರು ಕಡಿಮೆ. ಮಕ್ಕಳ ಕಾಯಿಲೆಯೆಂದೇ ಹೆಸರಾದ ರೋಟಾವೈರಸ್ ಕೂಡ ಮುಪ್ಪಿನಲ್ಲಿ ಮತ್ತೆ ಕಾಡಬಲ್ಲದು. ನೊರೊ 12ರಿಂದ 48 ಗಂಟೆಗಳಲ್ಲಿ ತಲೆಯೆತ್ತಿದರೆ ಆಸ್ಟ್ರೋಗೆ ನಾಲ್ಕೈದು ದಿನ ಬೇಕು. ಹಾಗಾಗಿ ನಿನ್ನೆಯ ಊಟವನ್ನೇ ದೂರುವುದು ಎಷ್ಟೋ ಸಲ ತಪ್ಪು.

ಯಾವ ವೈರಸ್ ಎಂದು ಮಲಪರೀಕ್ಷೆಯಿಂದ ತಿಳಿಯಬಹುದು. ತಿಳಿದರೂ ಮನೆಯ ಆರೈಕೆ ಬದಲಾಗದು. ಇವುಗಳಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ.

ಮೊದಲ ಕೆಲಸ ಓಆರ್‌ಎಸ್, ಅಂದರೆ ಕಳೆದುಹೋದ ನೀರು-ಉಪ್ಪು ತುಂಬುವ ದ್ರಾವಣ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಪೊಟ್ಟಣ ಸುರಿಯಿರಿ. ನೀರು ಕಡಿಮೆಯಾದರೆ ಉಪ್ಪು, ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ. ಜಾಸ್ತಿಯಾದರೆ ಕಳೆದುಹೋದ ಉಪ್ಪು ತುಂಬುವುದಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿ.

ವಾಂತಿಯಾದ ಕೂಡಲೇ ಲೋಟ ತುಂಬಾ ಕುಡಿಸಿದರೆ ಅದೂ ಹೊರಬರುತ್ತದೆ. ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೊಂದು ಚಮಚದಂತೆ ಶುರುಮಾಡಿ. ಹೊಟ್ಟೆಯಲ್ಲಿ ನಿಂತರೆ ಪ್ರತಿ ಭೇದಿಯ ನಂತರ 200 ಮಿ.ಲೀ. ಕೊಡಿ. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವಿದ್ದವರಿಗೆ ಈ ಲೆಕ್ಕ ಹೊಂದದಿರಬಹುದು, ವೈದ್ಯರನ್ನು ಕೇಳಿಯೇ ಕೊಡಬೇಕು.

ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. "ಏನೂ ಬೇಡ, ದಾಹವಿಲ್ಲ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಚರ್ಮ ಹಿಂಡಿ ನೋಡುವುದೂ ಇಲ್ಲಿ ಕೆಲಸಕ್ಕೆ ಬಾರದು, ಮುಪ್ಪಿನ ಚರ್ಮ ಹೇಗೂ ಸಡಿಲ. ಒಂದು ಚೀಟಿಯಲ್ಲಿ ಕುಡಿದದ್ದು, ಭೇದಿ, ಮೂತ್ರ ಮೂರನ್ನೂ ಗಂಟೆ ಸಮೇತ ಬರೆದಿಡಿ. ಎಂಟು ಗಂಟೆಯಿಂದ ಮೂತ್ರವಿಲ್ಲ, ಎದ್ದುನಿಂತರೆ ತಲೆಸುತ್ತು, ಮಾತು ಗೊಂದಲ, ಮಲದಲ್ಲಿ ರಕ್ತ, ಕುಡಿದದ್ದೊಂದೂ ನಿಲ್ಲುತ್ತಿಲ್ಲ: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ, ಚೀಟಿಯನ್ನೂ ಒಯ್ಯಿರಿ.

ಹೆಚ್ಚಿನವರು ಮರೆಯುವುದು ದಿನದ ಮಾತ್ರೆಗಳನ್ನು. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ: ನೀರು ಬತ್ತಿದ ದೇಹದಲ್ಲಿ ಇವು ಅಪಾಯ ತರಬಹುದು. ಯಾವುದನ್ನು ತಡೆಹಿಡಿಯಬೇಕೆಂದು ಅದೇ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಜ್ವರವೋ ರಕ್ತವೋ ಇದ್ದಾಗ ಭೇದಿ ಕಟ್ಟುವ ಮಾತ್ರೆ ಕೊಡುವಂತಿಲ್ಲ.

ಇನ್ನು ಶುಚಿ. ಸ್ಯಾನಿಟೈಸರ್ ಕರಗಿಸುವುದು ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು. ಈ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡು, ಅಷ್ಟೇ ದಾರಿ. ವಾಂತಿ ಬಿದ್ದಲ್ಲಿ ಗ್ಲೌಸ್ ಹಾಕಿ ಮೊದಲು ಕಾಗದದಿಂದ ಪೂರ್ತಿ ಬಳಿದು ತೆಗೆಯಿರಿ, ಕೊಳೆ ಉಳಿದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿಯುತ್ತದೆ. ಆಮೇಲೆ ಶೇ. 5ರ ದ್ರವ ಬ್ಲೀಚ್ 20 ಮಿ.ಲೀ.ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಭೇದಿ ನಿಂತ ಮೇಲೂ 48 ಗಂಟೆ ರೋಗಿ ಇತರರಿಗೆ ಅಡುಗೆ ಮಾಡಬಾರದು. ಮಲದಲ್ಲಿ ವೈರಸ್ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಇರುವುದರಿಂದ ಕೈತೊಳೆಯುವ ಶಿಸ್ತು ಅಲ್ಲಿಯವರೆಗೂ ನಡೆಯಲಿ.