ಚರ್ಚ್ ಬಿಟ್ಟು ವರ್ಷಗಳಾದ ಮೇಲೆ ಮತ್ತೆ ಹೋಗುವುದು ಹೇಗೆ?

ಮದುವೆಗೆ, ಮಣ್ಣಿಗೆ, ಕ್ರಿಸ್‌ಮಸ್‌ಗೆ ಮಾತ್ರ ಚರ್ಚ್‌ಗೆ ಹೋಗುವವರು ತುಂಬಾ ಜನ ಇದ್ದಾರೆ. ಆರು ವರ್ಷ ನನ್ನದೂ ಅದೇ ಕತೆ. ಅಮ್ಮ ತೀರಿಕೊಂಡಾಗ ಮಣ್ಣಿಗೆ ಎಲ್ಲರೂ ಬಂದರು, ಆಮೇಲೆ ನಮ್ಮ ಸಭೆಯಿಂದ ಒಬ್ಬರೂ ಮನೆ ಕಡೆ ತಲೆ ಹಾಕಲಿಲ್ಲ, ಆ ನೋವಿಗೆ ಬಿಟ್ಟಿದ್ದು ಮತ್ತೆ ಭಾನುವಾರದ ಆರಾಧನೆಗೆ ಹೊಸಿಲು ತುಳಿಯಲು ಅಷ್ಟು ವರ್ಷ ಬೇಕಾಯಿತು. ಈಗ ವಾರವಾರ ಹೋಗುತ್ತೇನೆ. ಹೋಗಬೇಕು ಅಂತ ಮನಸ್ಸಿದ್ದರೂ ಕಾಲು ಏಳದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾಕೆ ಹೋಗಬೇಕು ಅನ್ನುವುದನ್ನು ನಿಮ್ಮಷ್ಟಕ್ಕೆ ತೀರ್ಮಾನಿಸಿಕೊಳ್ಳಿ. ಪ್ರಾರ್ಥನೆ ಮನೆಯಲ್ಲೂ ಮಾಡಬಹುದು, ಪ್ರಸಂಗ ಮೊಬೈಲಿನಲ್ಲೂ ಕೇಳಬಹುದು. 2020ರಲ್ಲಿ ಕೊರೊನಾ ಬಂದಾಗ ಎಷ್ಟೋ ಜನ ಹಾಗೇ ಮಾಡಿದರು ಅಲ್ವಾ? ಆದರೆ ಪಕ್ಕದಲ್ಲಿ ಕೂರುವ ಮನುಷ್ಯ ಮೊಬೈಲಿನಲ್ಲಿ ಸಿಗುವುದಿಲ್ಲ. ಇವತ್ತು ನಾವು ಮಾತಾಡುವವರೆಲ್ಲ ಹೆಚ್ಚುಕಡಿಮೆ ನಮ್ಮ ವಯಸ್ಸಿನವರು, ನಮ್ಮ ಕೆಲಸದವರು, ನಮ್ಮಂತೆ ಯೋಚಿಸುವವರು. ನಾವು ಆರಿಸಿಕೊಳ್ಳದ ಜನರ ಜೊತೆ ವಾರಕ್ಕೊಮ್ಮೆ ಒಂದೇ ಬೆಂಚಿನಲ್ಲಿ ಕೂರಿಸುವ ಜಾಗ ಚರ್ಚ್. ಅದರ ದೊಡ್ಡ ಉಪಯೋಗ ಇದೇ ಅಂತ ನನಗೆ ಅನ್ನಿಸುತ್ತದೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿರುವ 'ಎಕ್ಲೇಸಿಯಾ' ಅನ್ನುವ ಪದಕ್ಕೆ ಕೂಡಿಬಂದ ಜನ ಅಂತಲೇ ಅರ್ಥ, ಕಟ್ಟಡ ಅಂತ ಅಲ್ಲ. ಕನ್ನಡದಲ್ಲಿ ನಾವು 'ಸಭೆ' ಅನ್ನುವುದು ಎಷ್ಟು ಸರಿಯಾಗಿದೆ ನೋಡಿ.

ಯಾವ ಚರ್ಚ್ ಅನ್ನುವ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಹಾಡು ಚೆನ್ನಾಗಿದೆ, ಪಾಸ್ಟರ್ ಚೆನ್ನಾಗಿ ಮಾತಾಡುತ್ತಾರೆ ಅನ್ನುವುದಷ್ಟನ್ನೇ ನೋಡಬೇಡಿ. ಕ್ರಿ.ಶ. 155ರ ಸುಮಾರಿಗೆ ಜಸ್ಟಿನ್ ಅನ್ನುವ ಕ್ರೈಸ್ತ ಬರಹಗಾರರು ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಆಗಿನ ಭಾನುವಾರ ಹೇಗಿತ್ತು ಅಂತ ವಿವರಿಸಿದ್ದಾರೆ. ಓದು, ಉಪದೇಶ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಬರಲಾಗದವರಿಗೆ ಅವರ ಪಾಲನ್ನು ಸಭೆಯ ಸೇವಕರು ಮನೆಗೇ ಒಯ್ಯುತ್ತಿದ್ದರು. ಉಳ್ಳವರು ಮನಸ್ಸಿದ್ದಷ್ಟು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತಿತ್ತು. ಇವತ್ತಿಗೂ ಇದೇ ಅಳತೆಗೋಲು ಸಾಕು. ಹಾಸಿಗೆ ಹಿಡಿದವರನ್ನು ಯಾರು ನೋಡಿ ಬರುತ್ತಾರೆ, ಕಾಣಿಕೆ ಎಲ್ಲಿಗೆ ಹೋಗುತ್ತದೆ, ಮಕ್ಕಳ ಜೊತೆ ಯಾರಿರುತ್ತಾರೆ, ಏನಾದರೂ ತಪ್ಪು ನಡೆದರೆ ದೂರು ಯಾರಿಗೆ ಕೊಡಬೇಕು, ಇಷ್ಟನ್ನೂ ಕೇಳಿ. ಕೇಳಿದ್ದಕ್ಕೇ ಮುಖ ಗಂಟಿಕ್ಕಿದರೆ ಬೇರೆ ಕಡೆ ಹೋಗಿ, ಎರಡನೇ ಯೋಚನೆ ಬೇಡ.

ಮೊದಲ ಭಾನುವಾರ ಹತ್ತು ನಿಮಿಷ ಮುಂಚೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತುಬಿಡಿ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅನ್ನುವುದನ್ನು ಮುಂದಿನವರನ್ನು ನೋಡಿ ಮಾಡಿದರಾಯಿತು. ಪ್ರಭು ಭೋಜನದ, ಅಂದರೆ ಆ ರೊಟ್ಟಿ ದ್ರಾಕ್ಷಾರಸ ಕೊಡುವ ವಿಷಯದಲ್ಲಿ ಎಲ್ಲಾ ಕಡೆ ಒಂದೇ ಪದ್ಧತಿ ಇಲ್ಲ. ಕ್ಯಾಥೊಲಿಕ್ ಚರ್ಚ್‌ನಲ್ಲಿ ಸಾಮಾನ್ಯವಾಗಿ ಕ್ಯಾಥೊಲಿಕರಿಗೆ ಮಾತ್ರ ಕೊಡುತ್ತಾರೆ, ಎಷ್ಟೋ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ಎಲ್ಲರಿಗೂ ಕೊಡುತ್ತಾರೆ. ಗೊಂದಲವಿದ್ದರೆ ಆ ದಿನ ಎದ್ದು ಹೋಗಬೇಡಿ, ಕೂತಲ್ಲೇ ಪ್ರಾರ್ಥಿಸಿ. ನಾನು ವಾಪಸ್ ಹೋದ ದಿನ ಹಾಡು ಶುರುವಾದರೂ ನನಗೆ ಪುಟ ಸಿಗಲಿಲ್ಲ. ಪಕ್ಕದ ಅಜ್ಜಿ ಮಾತಿಲ್ಲದೆ ತಮ್ಮ ಪುಸ್ತಕವನ್ನು ನನ್ನ ಕಡೆ ಸರಿಸಿದರು, ಸಾಲಿನ ಕೆಳಗೆ ಬೆರಳಿಟ್ಟು ಹಾಡು ಮುಗಿಯುವವರೆಗೂ ಆ ಬೆರಳನ್ನು ತೆಗೆಯಲಿಲ್ಲ, ಕೈ ಸಣ್ಣಗೆ ನಡುಗುತ್ತಿತ್ತು. ಆ ದಿನದ ಪ್ರಸಂಗ ಏನಿತ್ತು ಅಂತ ನೆನಪಿಲ್ಲ. ಆ ಬೆರಳು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ನಂಬಿಕೆ ಅರ್ಧಂಬರ್ಧ ಇದೆ ಅಂತ ಹಿಂಜರಿಯಬೇಡಿ. ಯೇಸುವಿನ ಶಿಷ್ಯ ತೋಮನೂ ಯೇಸು ಸತ್ತು ಎದ್ದಿದ್ದನ್ನು ನೋಡದೆ ನಂಬುವುದಿಲ್ಲ ಅಂದಿದ್ದ, ಅವನನ್ನು ಯಾರೂ ಹೊರಗೆ ಹಾಕಲಿಲ್ಲ.

ಆರಾಧನೆ ಮುಗಿದ ಕೂಡಲೇ ಓಡಬೇಡಿ, ಇದು ಮುಖ್ಯ. ಹದಿನೈದು ನಿಮಿಷ ನಿಲ್ಲಿ. ಎರಡು ಮೂರು ವಾರ ಆದ ಮೇಲೆ ಒಂದು ಸಣ್ಣ ಕೆಲಸ ಕೇಳಿ ತೆಗೆದುಕೊಳ್ಳಿ, ಕುರ್ಚಿ ಜೋಡಿಸುವುದಾದರೂ ಸರಿ. ಕೈಗೆ ಕೆಲಸ ಇದ್ದರೆ ಜನರ ಪರಿಚಯ ತಾನಾಗಿ ಆಗುತ್ತದೆ.

ಹಳೇ ನೋವಿದ್ದರೆ ನುಂಗಿಕೊಂಡು ಕೂರಬೇಡಿ, ಪಾದ್ರಿಗಳ ಹತ್ತಿರ ನೇರವಾಗಿ ಹೇಳಿ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಮೊಟ್ಟಮೊದಲ ಕ್ರೈಸ್ತ ಸಭೆಯಲ್ಲೇ ಗೊಣಗಾಟ ಎದ್ದಿತ್ತು. ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ದೂರಿದವರ ಬಾಯಿ ಮುಚ್ಚಿಸಲಿಲ್ಲ, ಆ ಕೆಲಸಕ್ಕೆ ಏಳು ಜನರನ್ನು ಆರಿಸಿ ಅಂದರು. ನನ್ನ ಅಮ್ಮನ ವಿಷಯ ಹೇಳಿದಾಗ ಈಗಿನ ಪಾದ್ರಿಗಳು ಪೂರ್ತಿ ಕೇಳಿದರು, ಆಮೇಲೆ ಸಾವಾದ ಮನೆಗಳಿಗೆ ಹೋಗಿ ಬರುವ ಕೆಲಸ ನೀವೇ ಮಾಡುತ್ತೀರಾ ಅಂತ ಕೇಳಿದರು. ಈಗ ನಾವು ನಾಲ್ಕು ಜನ ಇದ್ದೇವೆ.

ನಿಮ್ಮ ಸಭೆಯಲ್ಲೂ ಇದನ್ನು ಶುರು ಮಾಡಬಹುದು, ಹಣ ಬೇಕಿಲ್ಲ. ಸಾವಾದ ಮನೆಗೆ ಒಂದು ತಿಂಗಳ ಮೇಲೆ ಹೋಗಿ, ಯಾಕೆಂದರೆ ಅಷ್ಟು ಹೊತ್ತಿಗೆ ನೆಂಟರೆಲ್ಲ ಹೊರಟುಹೋಗಿರುತ್ತಾರೆ. ಮೊದಲೇ ಫೋನ್ ಮಾಡಿ, ಇಬ್ಬರೇ ಹೋಗಿ. ಉಪದೇಶ ಬೇಡ. ತೀರಿಕೊಂಡವರ ಹೆಸರು ಹೇಳಿ ಮಾತಾಡಿ, ಅವರೇ ಕೇಳಿದರೆ ಪ್ರಾರ್ಥಿಸಿ. ಹೋದ ತಿಂಗಳು ಒಬ್ಬರು ಹೆಂಡತಿಯ ಕನ್ನಡಕವನ್ನು ಒಳಗಿನಿಂದ ತಂದು ನನ್ನ ಕೈಗಿಟ್ಟರು, ಒರೆಸಿ ಒರೆಸಿ ಗಾಜು ಫಳಫಳ ಅನ್ನುತ್ತಿತ್ತು. ನಾವು ಒಂದು ಗಂಟೆ ಕೂತಿದ್ದೆವು. ಹೊರಡುವಾಗ ಮುಂದಿನ ಸಲ ಯಾವಾಗ ಬರುತ್ತೀರಿ ಅಂದರು, ಅಲ್ಲೇ ದಿನ ಗೊತ್ತು ಮಾಡಿಕೊಂಡು ಬಂದೆವು. ನೀವೂ ಹಾಗೇ ಮಾಡಿ, ಹೊಸಿಲು ದಾಟುವ ಮುಂಚೆಯೇ.