ಇಂಗ್ಲೆಂಡಲ್ಲಿ ಮಗು ಚರ್ಚ್ ಸ್ಕೂಲಿಗೆ ಹೋಗ್ತಿದ್ಯಾ? ಪ್ರಾರ್ಥನೆ ಬೇಡ ಅನ್ನೋದಾದ್ರೆ ಹೀಗೆ ಮಾಡಿ

ಮನೆ ಹತ್ರ ಇರೋ ಒಳ್ಳೆ ಸ್ಕೂಲು ಚರ್ಚ್ ಆಫ್ ಇಂಗ್ಲೆಂಡ್‌ದೋ ಕ್ಯಾಥೊಲಿಕ್‌ದೋ ಆಗಿರತ್ತೆ, ನಡೆಸೋಕೆ ದುಡ್ಡು ಸರ್ಕಾರದ್ದು, ನಮಗೆ ಫೀಸಿಲ್ಲ, ಸೀಟು ಸಿಕ್ತಲ್ಲ ಅಂತ ಖುಷಿಯಾಗಿ ಸೇರಿಸಿಬಿಡ್ತೀವಿ. ನಾವೂ ಹಂಗೇ ಸೇರಿಸಿದ್ವಿ. ಒಂದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಸಾರನ್ನದ ತಟ್ಟೆ ಮುಂದೆ ಕಣ್ಮುಚ್ಚಿ ಕೈ ಜೋಡಿಸಿ ಏನೋ ಗುನುಗಿ ಕೊನೇಲಿ "ಆಮೆನ್" ಅಂದ್ಳು, ಮೈಸೂರಿಂದ ಬಂದಿದ್ದ ಅತ್ತೆ ನನ್ನ ಮುಖ ನೋಡಿದ್ರು. ಅವಳು ಮಾಡಿದ್ದು ತಪ್ಪು ಅಂತ ನಂಗೆ ಈಗ್ಲೂ ಅನ್ಸಲ್ಲ, ಆದ್ರೆ ಇದು ನಾವು ಕೂತು ಮಾತಾಡಿ ತೀರ್ಮಾನ ಮಾಡ್ಬೇಕಾದ ವಿಷ್ಯ ಅನ್ನಿಸ್ತು.

ಕಾನೂನು ನಮ್ಮ ಪರವಾಗೇ ಇದೆ. 1998ರ ಸ್ಕೂಲ್ ಸ್ಟ್ಯಾಂಡರ್ಡ್ಸ್ ಅಂಡ್ ಫ್ರೇಮ್‌ವರ್ಕ್ ಆಕ್ಟಲ್ಲಿ ಸೆಕ್ಷನ್ 71 ಅಂತಿದೆ, ಅಪ್ಪ ಅಮ್ಮ ಕೇಳಿದ್ರೆ ಮಗೂನ ಪ್ರಾರ್ಥನೆಯಿಂದ, ಆರ್‌ಇ ಅಂತಾರಲ್ಲ ಆ ಧರ್ಮದ ಕ್ಲಾಸಿಂದ, ಪೂರ್ತಿಯಾಗೋ ಸ್ವಲ್ಪಾನೋ ಬಿಡಿಸ್ಲೇಬೇಕು, ಫೇತ್ ಸ್ಕೂಲಾದ್ರೂ ಅಷ್ಟೇ. ಅಕಾಡೆಮಿ, ಅಂದ್ರೆ ಕೌನ್ಸಿಲ್ ಕೈಲಿಲ್ದೆ ನೇರ ಸರ್ಕಾರದ ದುಡ್ಡಲ್ಲಿ ನಡಿಯೋ ಸ್ಕೂಲು ಆಗಿದ್ರೆ, ಇದೇ ಹಕ್ಕು ಸರ್ಕಾರದ ಜೊತೆ ಅವರು ಮಾಡ್ಕೊಂಡ ಫಂಡಿಂಗ್ ಅಗ್ರಿಮೆಂಟಲ್ಲಿರತ್ತೆ. ಕಾರಣ ಹೇಳೋ ಅಗತ್ಯ ಇಲ್ಲ. ಇದು ಗೊತ್ತಿಲ್ದೆ ನಾನು ಎರಡು ಪುಟ ಬರ್ದು ಕ್ಷಮೆ ಬೇರೆ ಕೇಳಿದ್ದೆ, ನೀವು ಹಂಗೆ ಮಾಡ್ಬೇಡಿ.

ಹೆಡ್‌ಟೀಚರಿಗೆ ನಾಲ್ಕು ಸಾಲಿನ ಈಮೇಲ್ ಸಾಕು: ಮಗು ಹೆಸರು, ಕ್ಲಾಸು, ಯಾವುದ್ರಿಂದ ಬಿಡಿಸ್ಬೇಕು, ಯಾವತ್ತಿಂದ. ಚರ್ಚ್ ಸ್ಕೂಲಲ್ಲಿ ವಾಲಂಟರಿ ಕಂಟ್ರೋಲ್ಡ್, ವಾಲಂಟರಿ ಏಡೆಡ್ ಅಂತ ಎರಡು ತರ ಇರತ್ವೆ, ಬರೆಯೋಕೆ ಮುಂಚೆ ನಿಮ್ಮದು ಯಾವ್ದು ಅಂತ ವಿಚಾರಿಸ್ಕೊಳ್ಳಿ, ಯಾಕಂದ್ರೆ ಕಂಟ್ರೋಲ್ಡ್ ಆದ್ರೆ ಆರ್‌ಇ ಸಾಮಾನ್ಯವಾಗಿ ಆ ಊರಿನ ಕೌನ್ಸಿಲ್ ಒಪ್ಪಿದ ಸಿಲಬಸ್ ಪ್ರಕಾರ ನಡಿಯತ್ತೆ, ಬೇರೆ ಧರ್ಮಗಳೂ ಅದರಲ್ಲಿ ಬರತ್ವೆ, ಏಡೆಡ್ ಆದ್ರೆ ಅವರ ಪಂಥದ ಪ್ರಕಾರ ಕಲಿಸ್ತಾರೆ. ನಮ್ಮದು ಕಂಟ್ರೋಲ್ಡು, ಹಾಗಾಗಿ ಆರ್‌ಇ ಬಿಡಿಸ್ಲಿಲ್ಲ, ಅಕ್ಕಪಕ್ಕದವರ ದೇವರ ಬಗ್ಗೆ ಮಕ್ಕಳು ತಿಳ್ಕೊಳ್ಳೋದು ಒಳ್ಳೇದೇ. ಪ್ರಾರ್ಥನೆ ಮಾತ್ರ ಬಿಡಿಸಿದ್ವಿ.

ಆ ಹೊತ್ತಲ್ಲಿ ಮಗೂನ ನೋಡ್ಕೊಳ್ಳೋದು ಸ್ಕೂಲಿನ ಜವಾಬ್ದಾರಿ, ಆದ್ರೆ ಬೇರೆ ಪಾಠ ಮಾಡ್ಬೇಕಂತೇನಿಲ್ಲ, ಅದಕ್ಕೆ ಬ್ಯಾಗಲ್ಲಿ ಓದೋಕೆ ಒಂದು ಪುಸ್ತಕ ಹಾಕಿ ಕಳಿಸಿ. ಹಿಸ್ಟರಿ ಪಾಠದಲ್ಲಿ ಚರ್ಚ್ ವಿಷ್ಯ ಬಂತು ಅಂತ ಬಿಡಿಸೋಕಾಗಲ್ಲ. ಸಿಕ್ಸ್ತ್ ಫಾರ್ಮಿಗೆ, ಅಂದ್ರೆ ನಮ್ಮ ಪಿಯುಸಿ ಹಂತಕ್ಕೆ ಬಂದ ಮಕ್ಕಳು ಪ್ರಾರ್ಥನೆ ಬೇಡ ಅಂತ ತಾವೇ ಹೇಳ್ಬೋದು. ಸ್ಕೂಲು ಒಪ್ಪದೇ ಇದ್ರೆ ಅವರ ಕಂಪ್ಲೇಂಟ್ ಪಾಲಿಸಿ ಪ್ರಕಾರ ಗವರ್ನರ್‌ಗಳಿಗೆ, ಅಂದ್ರೆ ಸ್ಕೂಲಿನ ಆಡಳಿತ ಮಂಡಳಿಯವರಿಗೆ ಬರೀರಿ, ಎಲ್ಲಾ ಈಮೇಲಲ್ಲೇ ಇರ್ಲಿ.

ಈಮೇಲ್ ಕಳಿಸೋಕೆ ಮುಂಚೆ ಮಗೂನೂ ಕೇಳಿ, ಇದನ್ನ ಮಾತ್ರ ಮರೀಬೇಡಿ. ಮೊದಲ್ನೇ ವಾರ ನನ್ನ ಮಗಳು ಲೈಬ್ರರೀಲಿ ಒಬ್ಳೇ ಕೂತಿದ್ಳಂತೆ, ಹಾಲಿಂದ ಹಾಡು ಕೇಳಿಸ್ತಿತ್ತಂತೆ, ಮನೆಗೆ ಬಂದು "ಅಮ್ಮಾ, ಹಾಡು ಮಾತ್ರ ಹಾಡ್ಲಾ?" ಅಂದ್ಳು. ಅವತ್ತೇ ಇನ್ನೊಂದು ಈಮೇಲ್ ಬರ್ದೆ.