ಎಳ್ಳು-ಬೆಲ್ಲದ ಬೋರ್ಡಿನ ಹಿಂಬದಿ

2017ರ ಜನವರಿ 28, ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ರಟ್ಟು ಹುಡುಕುತ್ತಿದ್ದೆ. ಸಿಕ್ಕಿದ್ದು ಎರಡು ವಾರದ ಹಿಂದಿನ ಸಂಕ್ರಾಂತಿ ಕಾರ್ಯಕ್ರಮದ ಬೋರ್ಡು. ಒಂದು ಬದಿಯಲ್ಲಿ ನನ್ನ ಹೆಂಡತಿಯ ದುಂಡು ಅಕ್ಷರದಲ್ಲಿ ‘ಎಳ್ಳು-ಬೆಲ್ಲ ಇಲ್ಲಿ ತೆಗೆದುಕೊಳ್ಳಿ’ ಅಂತಿತ್ತು. ಇನ್ನೊಂದು ಬದಿ ಖಾಲಿ. ಅಲ್ಲಿ ಮಗಳ ಮಾರ್ಕರ್ ತೆಗೆದುಕೊಂಡು ‘ಲೆಟ್ ದೆಮ್ ಇನ್’ ಅಂತ ಇಂಗ್ಲಿಷಿನಲ್ಲಿ ಬರೆದೆ. ಅವರನ್ನು, ಅಂದರೆ ವಿಮಾನ ನಿಲ್ದಾಣದಲ್ಲಿ ತಡೆದಿಟ್ಟವರನ್ನು, ಒಳಗೆ ಬಿಡಿ.

ನಾನು ಹೋರಾಟಗಾರನಲ್ಲ. ಬೆಂಗಳೂರಿನಲ್ಲಿದ್ದಾಗ ಟೌನ್‌ಹಾಲ್ ಮುಂದಿನ ಧರಣಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ, ಇವತ್ತೂ ಟ್ರಾಫಿಕ್ ಜಾಮ್ ಅಂತ ಗೊಣಗಿದವನು. ಆಗ ಸ್ಯಾನ್ ಫ್ರಾನ್ಸಿಸ್ಕೋ ಬದಿಯಲ್ಲಿ ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಎಚ್-1ಬಿ ವೀಸಾ. ಆ ವೀಸಾದ ಮೇಲೆ ಇರುವವರಿಗೆ ಗೊತ್ತು, ಪೊಲೀಸ್ ಕಾರು ಹಿಂದೆ ಬಂದರೂ ಮನಸ್ಸು ಮೊದಲು ಹೋಗುವುದು ಸ್ಪೀಡಿಗಲ್ಲ, ಪಾಸ್‌ಪೋರ್ಟಿನ ವೀಸಾ ಸ್ಟಾಂಪಿಂಗ್‌ಗೆ.

ಹಿಂದಿನ ದಿನ ಮಧ್ಯಾಹ್ನ ಟ್ರಂಪ್ ಸಹಿ ಹಾಕಿದ್ದ ಆದೇಶದಲ್ಲಿ ಏಳು ದೇಶಗಳಿದ್ದವು: ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ, ಯೆಮನ್. ಆ ದೇಶದವರಿಗೆ 90 ದಿನ ಪ್ರವೇಶವಿಲ್ಲ, ನಿರಾಶ್ರಿತರಿಗೆ 120 ದಿನ, ಸಿರಿಯಾದ ನಿರಾಶ್ರಿತರಿಗೆ ಅವಧಿಯೇ ಇಲ್ಲ. ಸಹಿಯ ಶಾಯಿ ಆರುವ ಮೊದಲೇ ಜಾರಿ. ಆ ಹೊತ್ತಿಗೆ ವಿಮಾನ ಹತ್ತಿದವರು ಆಕಾಶದಲ್ಲಿದ್ದಾಗಲೇ ಅವರ ವೀಸಾ ಬೆಲೆ ಕಳೆದುಕೊಂಡಿತ್ತು. ಮೊದಲ ದಿನ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಇದ್ದವರನ್ನೂ ಬಿಡಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವಳು ತೆಹರಾನಿನವಳು. ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯೇ ಇಲ್ಲ, ವೀಸಾ ಸಂದರ್ಶನಕ್ಕೆ ಅವರು ಇನ್ನೊಂದು ದೇಶಕ್ಕೆ ಹೋಗಬೇಕು. ಅವಳ ಅಮ್ಮನಿಗೆ ಫೆಬ್ರುವರಿಯಲ್ಲಿ ಅಂಕಾರಾದಲ್ಲಿ ದಿನ ನಿಗದಿಯಾಗಿತ್ತು. ಶುಕ್ರವಾರ ಸಂಜೆ ಅವಳು ಅಳಲಿಲ್ಲ, ಬೈಯಲಿಲ್ಲ. ಅಂಕಾರಾ ಹೋಟೆಲಿನ ಬುಕಿಂಗ್ ರದ್ದು ಮಾಡುವುದು ಹೇಗೆ ಅಂತ ಕೇಳಿದಳು. ಮರುದಿನ ನಾನು ವಿಮಾನ ನಿಲ್ದಾಣಕ್ಕೆ ಹೋದದ್ದಕ್ಕೆ ದೊಡ್ಡ ತತ್ವಕ್ಕಿಂತ ಆ ಹೋಟೆಲ್ ಬುಕಿಂಗೇ ಕಾರಣ.

ಇನ್ನೊಂದು ಕಾರಣ ದುಬೈ ವಿಮಾನ. ಮಧ್ಯಾಹ್ನ ಇಳಿಯುವ ಆ ವಿಮಾನ ನಮ್ಮ ಕಡೆಯವರಿಗೆ ತವರಿನ ಬಸ್ಸಿದ್ದಂತೆ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ. ಅಪ್ಪ-ಅಮ್ಮ ಎರಡು ಸಲ ಅದರಲ್ಲೇ ಬಂದಿದ್ದರು, ಚಕ್ಕುಲಿ ಡಬ್ಬ ಸಮೇತ. ಅವರನ್ನು ಕಾಯುವಾಗ ಕಟಕಟೆಯ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತಿದ್ದವರಲ್ಲಿ ಇರಾನಿಗಳೂ ಇರುತ್ತಿದ್ದರು. ಅವತ್ತು ಅದೇ ವಿಮಾನ ಇಳಿದು ಎರಡು ಗಂಟೆ ಕಳೆದರೂ ಕೆಲವರ ಕೈಯಲ್ಲಿ ಹೂಗುಚ್ಛ ಹಾಗೇ ಇತ್ತು.

ಹೊರಡುವ ಮೊದಲು ಪರಿಚಯದ ವಲಸೆ ವಕೀಲೆಗೆ ಫೋನ್ ಮಾಡಿದೆ. ನನ್ನಂಥವರಿಗೆ ಈಗಲೂ ಉಪಯೋಗಕ್ಕೆ ಬರಬಹುದು ಅಂತ ಅವರು ಹೇಳಿದ್ದನ್ನು ಬರೆಯುತ್ತೇನೆ. ಪೌರರಲ್ಲದವರಿಗೂ ಮಾತಿನ ಹಕ್ಕಿದೆ, ಆದರೆ ಬಂಧನವಾದರೆ ಪೌರರಿಗೆ ಆಗುವುದೇ ಬೇರೆ, ವೀಸಾದವರಿಗೆ ಆಗುವುದೇ ಬೇರೆ. ಆದ್ದರಿಂದ ಜನ ರಸ್ತೆಗೆ ಅಡ್ಡ ಕೂತರೆ ನೀನು ಫುಟ್‌ಪಾತಿನಲ್ಲೇ ಇರು. ಜಾಗ ಬಿಡಿ ಅಂತ ಪೊಲೀಸರು ಹೇಳಿದ ಕೂಡಲೇ ಬಿಡು, ವಾದ ಬೇಡ. ವಕೀಲರ ನಂಬರನ್ನು ಪೆನ್ನಿನಲ್ಲಿ ತೋಳಿನ ಮೇಲೆ ಬರೆದುಕೋ, ಫೋನ್ ಕಳೆದುಹೋಗಬಹುದು. ಕಡೆಗೆ ಒಂದು ತಮಾಷೆಯ ಸಂಗತಿ: ವಿಮಾನ ನಿಲ್ದಾಣದ ಒಳಗು ಬೀದಿಯಂತೆ ಮುಕ್ತ ಜಾಗವಲ್ಲ ಅಂತ 1992ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಇಸ್ಕಾನ್‌ನವರು. ಟರ್ಮಿನಲ್ಲಿನಲ್ಲಿ ದೇಣಿಗೆ ಕೇಳಲು ಬಿಡುತ್ತಿಲ್ಲ ಅಂತ!

ಹೆಂಡತಿ ಒಂದು ದೊಡ್ಡ ಪಾತ್ರೆ ಪುಳಿಯೋಗರೆ ಕಲಸಿಕೊಟ್ಟಳು. “ಕೂಗೋದು ನಿನ್ನ ಕೈಲಾಗಲ್ಲ, ಬಡಿಸೋದಾದ್ರೂ ಆಗತ್ತೆ” ಅಂದಳು. ಅವತ್ತು ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ. ಅಂತರರಾಷ್ಟ್ರೀಯ ಟರ್ಮಿನಲ್ ತುಂಬ ಜನ, ಘೋಷಣೆಯ ಸದ್ದಿಗೆ ಎದೆ ನಡುಗುತ್ತಿತ್ತು. ಗೋಡೆಯ ಬದಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವಕೀಲರು, ತೊಡೆಯ ಮೇಲೆ ಲ್ಯಾಪ್‌ಟಾಪು. ಚಾರ್ಜರ್‌ಗಳ ವೈರು ಹಾವಿನ ಮರಿಗಳ ಹಾಗೆ ಹರಡಿದ್ದವು. ಬೆಳಗಿನಿಂದ ಊಟ ಮಾಡಿರಲಿಲ್ಲ ಅವರು. ಪುಳಿಯೋಗರೆ ಹತ್ತು ನಿಮಿಷದಲ್ಲಿ ಖಾಲಿ.

ಪಾತ್ರೆ ಖಾಲಿಯಾದ ಮೇಲೆ ಏನು ಮಾಡಲಿ ಅಂತ ಕೇಳಿದೆ. ಕಾಯುತ್ತಿರುವ ಕುಟುಂಬಗಳನ್ನು ಹುಡುಕು ಅಂದರು. ಘೋಷಣೆ ಕೂಗುವ ಗುಂಪಿನಲ್ಲಲ್ಲ, ಅದರಿಂದ ದೂರ, ಕಂಬದ ಹಿಂದೆ ಹೆದರಿ ನಿಂತವರನ್ನು. ಕೇಳಬೇಕಾದದ್ದು ಇಷ್ಟೇ: ಯಾರನ್ನು ಕಾಯುತ್ತಿದ್ದೀರಿ, ಯಾವ ವಿಮಾನ, ಪಾಸ್‌ಪೋರ್ಟ್ ಯಾವ ದೇಶದ್ದು, ಕಡೆಯ ಮೆಸೇಜು ಬಂದದ್ದು ಯಾವಾಗ. ಅದು ಸಿಕ್ಕರೆ ವಕೀಲರು ಜಿ-28 ಅನ್ನುವ ಫಾರ್ಮ್ ತುಂಬಿ, ಒಳಗಿರುವ ವ್ಯಕ್ತಿಗೆ ನಾನು ವಕೀಲ ಅಂತ ಅಧಿಕಾರಿಗಳ ಮುಂದೆ ನಿಲ್ಲಬಹುದು. ಇನ್ನೊಂದು ಮಾತನ್ನು ತಪ್ಪದೆ ಹೇಳಬೇಕಿತ್ತು: ಒಳಗಿರುವವರಿಗೆ ಮೆಸೇಜು ಹೋಗುವುದಾದರೆ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅನ್ನಿ. ಗ್ರೀನ್ ಕಾರ್ಡನ್ನು ತಾನಾಗಿ ಬಿಟ್ಟುಕೊಡುತ್ತೇನೆ ಅನ್ನುವ ಐ-407 ಫಾರ್ಮಿಗೆ ತಮ್ಮಿಂದ ಒತ್ತಾಯದಲ್ಲಿ ಸಹಿ ಹಾಕಿಸಿದರು ಅಂತ ಯೆಮನಿನ ಇಬ್ಬರು ಅಣ್ಣತಮ್ಮಂದಿರು ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣದ ಬಗ್ಗೆ ಆಮೇಲೆ ಕೋರ್ಟಿನಲ್ಲಿ ದೂರಿದರು.

ಮೊದಲ ಮೂವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಕೈಯಲ್ಲಿ ಬೋರ್ಡು, ಪ್ರಶ್ನೆ ಮಾತ್ರ ಅಧಿಕಾರಿಯದು. ನಾನೇ ಆಗಿದ್ದರೂ ಉತ್ತರ ಕೊಡುತ್ತಿರಲಿಲ್ಲ. ನಾಲ್ಕನೆಯವರ ಹತ್ತಿರ ಬೋರ್ಡು ಗೋಡೆಗೆ ಒರಗಿಸಿ, ನನ್ನ ಅಪ್ಪ-ಅಮ್ಮನೂ ಇದೇ ವಿಮಾನದಲ್ಲಿ ಬರುತ್ತಾರೆ ಅಂದೆ. ಆಮೇಲೆ ಮಾತು ಬಂತು. ಬಿಳಿ ಗಡ್ಡದ ಆ ತಾತ ಹೆಂಡತಿಗಾಗಿ ಕಾಯುತ್ತಿದ್ದರು. ಮೊದಲು ಹೇಳಿದ್ದು ಆಕೆಯ ಹೆಸರಲ್ಲ, ಆಕೆಯ ಬಿಪಿ ಮಾತ್ರೆಯ ಹೆಸರು.

ಆ ಗೋಡೆಗೊರಗಿದ ಬೋರ್ಡು ತಿರುಗಿಕೊಂಡಿತ್ತು. ನಾನು ವಾಪಸು ಬರುವಷ್ಟರಲ್ಲಿ ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ‘ಎಳ್ಳು-ಬೆಲ್ಲ ಇಲ್ಲಿ ತೆಗೆದುಕೊಳ್ಳಿ’ಯ ಫೋಟೊ ತೆಗೆಯುತ್ತಿದ್ದಳು. ಯಾವ ಭಾಷೆ, ಏನರ್ಥ ಅಂತ ಕೇಳಿದಳು. ಕ್ರಾಂತಿಯ ಘೋಷಣೆ ಅಂದುಕೊಂಡಿದ್ದಳು ಪಾಪ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ನಾವು ಹಬ್ಬದಲ್ಲಿ ಹಂಚುತ್ತೇವೆ ಅಂತ ವಿವರಿಸಿದೆ. ಹಾಗಿದ್ದರೆ ಇದೇ ಬದಿ ಎತ್ತಿ ಹಿಡಿ ಅಂದಳು.

ಆರು ಗಂಟೆ ದಾಟುವಷ್ಟರಲ್ಲಿ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಸುದ್ದಿ ಹರಿಯಿತು. ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಧೀಶೆ ಆ್ಯನ್ ಡಾನೆಲಿ, ವೀಸಾ ಇದ್ದು ಬಂದಿಳಿದವರನ್ನು ವಾಪಸು ಕಳಿಸಕೂಡದು ಅಂತ ತಡೆ ಕೊಟ್ಟಿದ್ದರು. ಕೇಸಿನ ಮೊದಲ ಅರ್ಜಿದಾರ ಹಮೀದ್ ದರ್ವೀಶ್, ಇರಾಕಿನಲ್ಲಿ ಅಮೆರಿಕದ ಸೈನ್ಯಕ್ಕೇ ದುಭಾಷಿಯಾಗಿದ್ದವರು, ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ತಡೆಹಿಡಿಯಲ್ಪಟ್ಟವರು. ಅದೇ ಸಂಜೆ ನ್ಯೂಯಾರ್ಕ್ ಟ್ಯಾಕ್ಸಿ ಚಾಲಕರ ಸಂಘ ಒಂದು ಗಂಟೆ ಜೆಎಫ್‌ಕೆಗೆ ಬಾಡಿಗೆ ನಿಲ್ಲಿಸಿತ್ತು. ಆ ಚಾಲಕರಲ್ಲಿ ಬಾಂಗ್ಲಾದೇಶದವರು, ಪಂಜಾಬಿಗಳು ಎಷ್ಟೋ ಜನ. ನನ್ನ ಸಂಬಳದ ಎದುರು ಅವರ ಒಂದು ಗಂಟೆಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ಸುಮ್ಮನಾದೆ. ಗೂಗಲ್‌ನ ಸೆರ್ಗೆ ಬ್ರಿನ್ ಕೂಡ ಆ ರಾತ್ರಿ ನಮ್ಮದೇ ಟರ್ಮಿನಲ್ಲಿನಲ್ಲಿದ್ದರಂತೆ, ನಾನು ನೋಡಲಿಲ್ಲ. ತಾತನ ಹೆಂಡತಿ ರಾತ್ರಿ ಹೊರಗೆ ಬಂದರು, ಗಾಲಿಕುರ್ಚಿಯಲ್ಲಿ. ಹೂಗುಚ್ಛ ಅಷ್ಟರಲ್ಲಿ ಬಾಡಿತ್ತು.

ಮನೆಗೆ ಬಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದೆ, ನಾಳೆಯೂ ಹೋಗುತ್ತೇನೆ, ಕಾರಿನಲ್ಲಿ ಮೂರು ಸೀಟಿದೆ ಅಂತ. ಇಬ್ಬರು ಬಂದರು. ಉಳಿದವರಲ್ಲಿ ಒಬ್ಬ ಹಿರಿಯರ ಮಾತು: “ಏಳು ದೇಶದಲ್ಲಿ ನಾವಿಲ್ಲವಲ್ಲ, ಊರ ಉಸಾಬರಿ ನಮಗ್ಯಾಕೆ?” ಒಳ್ಳೆಯ ಮನುಷ್ಯ, ಮಗಳು ಹುಟ್ಟಿದಾಗ ವಾರವಿಡೀ ಊಟ ಕಳಿಸಿದವರು. ಅವರಿಗೆ ಗುಂಪಿನಲ್ಲಿ ಉತ್ತರ ಕೊಡಲಿಲ್ಲ. ಒಂದು ಭಾನುವಾರ ಏಂಜೆಲ್ ಐಲ್ಯಾಂಡಿಗೆ ಕರೆದುಕೊಂಡು ಹೋದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆ ದ್ವೀಪದಲ್ಲಿ 1910ರಿಂದ 1940ರವರೆಗೆ ಏಷ್ಯಾದವರನ್ನು ಕೂಡಿಹಾಕಿ ವಿಚಾರಿಸುತ್ತಿದ್ದರು, ಭಾರತದಿಂದ ಬಂದವರನ್ನೂ. 1917ರ ಫೆಬ್ರುವರಿಯ ಕಾನೂನು ಏಷ್ಯಾದ ನಕಾಶೆಯ ಮೇಲೆ ಗೆರೆ ಎಳೆದು, ಒಳಗಿನವರು ಬರಕೂಡದು ಅಂದಿತು, ಭಾರತ ಆ ಗೆರೆಯೊಳಗೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರಿಗೆ, ನೀವು ಬಿಳಿಯರಲ್ಲ, ಪೌರತ್ವವಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತು. 1965ರಲ್ಲಿ ವಲಸೆ ಕಾನೂನು ಬದಲಾಗದಿದ್ದರೆ ನಮ್ಮ ಕನ್ನಡ ಕೂಟಗಳೂ ಇಲ್ಲ, ಎಳ್ಳು-ಬೆಲ್ಲವೂ ಇಲ್ಲ. ಹಿರಿಯರು ಮರದ ಗೋಡೆಯಲ್ಲಿ ಚೀನೀಯರು ಕೆತ್ತಿದ ಪದ್ಯಗಳನ್ನು ಬಹಳ ಹೊತ್ತು ನೋಡಿದರು. ಒಪ್ಪಿದೆ ಅಂತ ಹೇಳಲಿಲ್ಲ. ದೋಣಿಯಲ್ಲಿ ವಾಪಸು ಬರುವಾಗ, ನಮ್ಮ ಗ್ರೀನ್ ಕಾರ್ಡಿನ ಸಾಲೂ ಹುಟ್ಟಿದ ದೇಶ ನೋಡಿಯೇ ಅಲ್ಲವೇ, ಒಟ್ಟು ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇಕಡಾ ಏಳೇ ಅಲ್ಲವೇ ಅಂತ ತಾವೇ ಗೊಣಗಿಕೊಂಡರು.

ಫೆಬ್ರುವರಿ 22ರ ರಾತ್ರಿ ಕಾನ್ಸಾಸಿನ ಒಲೇಥಾದ ಒಂದು ಬಾರಿನಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಒಬ್ಬ ಗುಂಡಿಟ್ಟು ಕೊಂದ. ನಾನು ಇಬ್ಬರು ಇರಾನಿಗಳನ್ನು ಹೊಡೆದೆ ಅಂತ ಆಮೇಲೆ ಇನ್ನೊಂದು ಬಾರಿನಲ್ಲಿ ಹೇಳಿಕೊಂಡನಂತೆ. ಮರುದಿನಗಳಲ್ಲಿ ಊರಿನಿಂದ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಪಕ್ಕದ ಡೆಸ್ಕಿನವಳು ನನ್ನ ಬಳಿ ಬಂದು ಸಾರಿ ಅಂದಳು. ಅವಳೇಕೆ ಕ್ಷಮೆ ಕೇಳಬೇಕು? ಆ ಒಂದು ಪದ ನನಗೆ ಇವತ್ತಿಗೂ ಅರಗಿಲ್ಲ.

ಅದಾದ ಮೇಲೆ ಬಂದದ್ದೇ ಕಷ್ಟದ ಕಾಲ, ಅದರ ಫೋಟೊ ಯಾರೂ ತೆಗೆಯಲಿಲ್ಲ. ಮಾರ್ಚ್ 6ರ ಎರಡನೆಯ ಆದೇಶಕ್ಕೆ ಹತ್ತು ದಿನದ ಮುನ್ಸೂಚನೆಯಿತ್ತು, ಈಗಾಗಲೇ ವೀಸಾ ಇದ್ದವರನ್ನು ಬಿಟ್ಟಿದ್ದರು. ಅಂದರೆ ಆಕಾಶದಲ್ಲಿ ಸಿಕ್ಕಿಬೀಳುವವರು ಯಾರೂ ಇಲ್ಲ, ಬಾಗಿಲು ಮುಚ್ಚುವುದು ಅಂಕಾರಾದಲ್ಲಿ, ಅಬುಧಾಬಿಯಲ್ಲಿ, ಕಿಟಕಿಯ ಆಚೆಗೆ. ಕಾಣದ ಬಾಗಿಲಿನ ಮುಂದೆ ಜನ ಸೇರಿಸುವುದು ಹೇಗೆ? ನಮಗೆ ಬರಲಿಲ್ಲ. 2018ರ ಜೂನ್ 26ರಂದು ಸುಪ್ರೀಂ ಕೋರ್ಟ್ ಮೂರನೆಯ ಆದೇಶವನ್ನು 5-4ರಲ್ಲಿ ಎತ್ತಿಹಿಡಿದಾಗ ನಾನು ಹೋದ ಸಭೆಯಲ್ಲಿ ಜನ ಕಡಿಮೆ.

ಆಗ ನಾನು ಮಾಡಿದ್ದು ಪತ್ರ ಬರೆಯುವ ಕೆಲಸ. ಆ ಆದೇಶದಲ್ಲಿ ವೇವರ್, ಅಂದರೆ ವಿನಾಯಿತಿ, ಅಂತ ಒಂದಿತ್ತು. ಪಕ್ಕದ ಡೆಸ್ಕಿನವಳ ಅಮ್ಮನಿಗಾಗಿ ಅವಳೂ ನಾನೂ ಊಟದ ವಿರಾಮದಲ್ಲಿ ಸಂಸದರ ಕಚೇರಿಗೆ, ರಾಯಭಾರ ಕಚೇರಿಗೆ ಪತ್ರ ಜೋಡಿಸುತ್ತಿದ್ದೆವು: ದಿನಾಂಕ, ಕೇಸ್ ನಂಬರು, ಆಸ್ಪತ್ರೆಯ ಕಾಗದ. ಮೊದಲ ಪತ್ರದಲ್ಲಿ ನಾನು ನ್ಯಾಯ, ಮಾನವೀಯತೆ ಅಂತೆಲ್ಲ ತುಂಬಿದ್ದೆ, ವಕೀಲೆ ಅದನ್ನೆಲ್ಲ ಹೊಡೆದುಹಾಕಿದರು. ಪ್ರತಿ ಸಲವೂ ಪರಿಶೀಲನೆಯಲ್ಲಿದೆ ಅನ್ನುವ ಒಂದೇ ಸಾಲಿನ ಉತ್ತರ. 2021ರ ಜನವರಿ 20ರಂದು ಬೈಡನ್ ನಿಷೇಧ ರದ್ದುಮಾಡಿದ ಮೇಲೆ, 2022ರಲ್ಲಿ ಅಮ್ಮ ಬಂದರು. ಒಂದೇ ಸಲ.

2025ರ ಜೂನ್ 4ರಂದು ಮತ್ತೆ ಘೋಷಣೆಯಾಯಿತು. ಈ ಸಲ ಪೂರ್ತಿ ನಿಷೇಧ 12 ದೇಶಗಳಿಗೆ, ಇರಾನ್ ಮತ್ತೆ ಪಟ್ಟಿಯಲ್ಲಿ, ಜಾರಿ ಜೂನ್ 9ರಿಂದ. ಆ ಸೋಮವಾರ ರಜೆ ಹಾಕಿ ದುಬೈ ವಿಮಾನದ ಹೊತ್ತಿಗೆ ಹೋದೆ, ಅದೇ ಪಾತ್ರೆ ಹಿಡಿದು. ನಾವು ಕೈಬೆರಳಲ್ಲಿ ಎಣಿಸುವಷ್ಟು ಜನ, ಅದರಲ್ಲಿ ಆ ಹಳೆಯ ವಕೀಲೆಯೂ ಒಬ್ಬರು. ಅವರು ಕುಟುಂಬಗಳನ್ನು ಹುಡುಕು ಅಂದರು, ನಾನು ಕಂಬಗಳ ಹಿಂದೆಲ್ಲ ನೋಡಿ ಬಂದೆ. ಯಾರೂ ಇರಲಿಲ್ಲ. ಬರಬೇಕಾದವರು ವಿಮಾನವನ್ನೇ ಹತ್ತಿರಲಿಲ್ಲವಲ್ಲ. ವಕೀಲೆ ಎರಡು ತುತ್ತು ತಿಂದು ಲ್ಯಾಪ್‌ಟಾಪು ಮುಚ್ಚಿದರು. ಉಳಿದ ಪುಳಿಯೋಗರೆಯನ್ನು ಮರುದಿನ ಆಫೀಸಿಗೆ ಒಯ್ದೆ.